ಮೈನಸ್ 20ರ ಚಳಿಗೆ ಬೀದಿ ಬೆಕ್ಕಿನ ಗೂಡು: ಯಾವುದು ತಡೆಯಿತು, ಯಾವುದು ಕೈಕೊಟ್ಟಿತು

ಟೊರಾಂಟೊ, ಮಿನ್ನಿಯಾಪೊಲಿಸ್ ಕಡೆ ಜನವರಿಯ ರಾತ್ರಿ ಮೈನಸ್ 20 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಹಿತ್ತಲಿಗೆ ಬಂದುಹೋಗುವ ಬೀದಿ ಬೆಕ್ಕಿಗೆ ಅಲ್ಲಿನವರು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಇಡುತ್ತಾರೆ: ಥರ್ಮೋಕೋಲ್ ಪೆಟ್ಟಿಗೆ, ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಇಲ್ಲವೇ ಮರದ ನಾಯಿಗೂಡು. ಮೂರನ್ನೂ ಹಿಮದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇದ್ದೇ ಇದೆ. ಆದರೆ ಒಳಗೆ ತುಂಬಿದ್ದು ತಪ್ಪಾದರೆ ಮೂರೂ ಒಂದೇ. ಹಾಗಾಗಿ ಮೊದಲು ಹಾಸಿಗೆಯ ಮಾತು.

ನಮ್ಮ ಕಡೆಯಿಂದ ಹೋದವರ ಕೈ ಮೊದಲು ಹೋಗುವುದು ಹಳೆ ಕಂಬಳಿಗೆ, ಟವೆಲ್ಲಿಗೆ. ಬೆಂಗಳೂರಿನ ಡಿಸೆಂಬರಿಗೆ ಅದು ಸರಿ. ಮೈನಸ್ ಚಳಿಯಲ್ಲಿ ಬಟ್ಟೆ ಬೆಕ್ಕಿನ ಉಸಿರಿನ ತೇವ, ಪಾದಕ್ಕೆ ಅಂಟಿದ ಹಿಮ ಎಲ್ಲವನ್ನೂ ಹೀರಿಕೊಂಡು ಬೆಳಗಾಗುವಷ್ಟರಲ್ಲಿ ಹಲಗೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಅದು ಬೆಕ್ಕಿನ ಮೈಯ ಶಾಖವನ್ನೇ ಎಳೆಯುತ್ತದೆ. ಚೂರು ಮಾಡಿದ ಪತ್ರಿಕೆ ಒಣ ಜಾಗದಲ್ಲಿ ಪರವಾಗಿಲ್ಲ, ಒಮ್ಮೆ ನೆನೆದರೆ ಮುದ್ದೆ.

ಬೇಕಾದ್ದು ಒಣಹುಲ್ಲು. ಅಂಗಡಿಯಲ್ಲಿ ಮೋಸ ಹೋಗುವುದೂ ಇಲ್ಲೇ, ಏಕೆಂದರೆ ಅಲ್ಲಿ ‘ಸ್ಟ್ರಾ’, ‘ಹೇ’ ಎಂದು ಬೇರೆ ಬೇರೆ ಮಾರುವ ಎರಡಕ್ಕೂ ನಮ್ಮ ಬಾಯಲ್ಲಿ ಒಣಹುಲ್ಲು ಎಂಬ ಒಂದೇ ಮಾತು. ಸ್ಟ್ರಾ ಎಂದರೆ ಕಾಳು ಬಡಿದ ಮೇಲೆ ಉಳಿಯುವ ಗೋಧಿ, ಬಾರ್ಲಿ, ಓಟ್ಸ್‌ನ ಹೊಂಬಣ್ಣದ ದಂಟು. ಒಳಗೆ ಟೊಳ್ಳು, ಮೇಲೆ ಮೇಣದಂಥ ನುಣುಪು; ನೀರು ಜಾರುತ್ತದೆ, ಟೊಳ್ಳಿನಲ್ಲಿ ಗಾಳಿ ನಿಂತು ಬಿಸಿ ಉಳಿಯುತ್ತದೆ. ಹೇ ಎಂದರೆ ದನಕ್ಕೆ, ಮೊಲಕ್ಕೆ ಹಾಕುವ ಹಸಿರು ಛಾಯೆಯ ಮೇವು. ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಮುಟ್ಟಿದಾಗ ಮೆತ್ತಗಿದ್ದರೆ ವಾಪಸ್ ಇಡಿ.

ಸ್ಟ್ರಾವನ್ನು ಗೂಡಿನ ಅರ್ಧದಿಂದ ಮುಕ್ಕಾಲು ಭಾಗ ಸಡಿಲವಾಗಿ ತುಂಬಬೇಕು. ಒತ್ತಿ ತುರುಕಿದರೆ ಬೆಕ್ಕು ಕೊರೆದುಕೊಂಡು ಒಳಗೆ ಹೋಗಲಾರದು, ಹುಲ್ಲಿನ ನಡುವೆ ಗಾಳಿಯೂ ನಿಲ್ಲದು. ಬೆಳ್ಳಿ ಬಣ್ಣದ ಮೈಲಾರ್ ಹಾಳೆ ಮೈಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಆದರೆ ಪರಪರ ಸದ್ದಿಗೆ ಅಂಜುಬುರುಕ ಬೆಕ್ಕುಗಳು ಒಳಗೇ ಕಾಲಿಡುವುದಿಲ್ಲ. ಗೋಡೆಗೆ ಅಂಟಿಸಿದರೆ ಉಂಟು, ಹಾಸಿದರೆ ಇಲ್ಲ.

ಈಗ ಪೆಟ್ಟಿಗೆಗಳು. ಸೋತದ್ದು ಮರದ ನಾಯಿಗೂಡು, ಮೂರರಲ್ಲಿ ದುಬಾರಿಯೂ ಅದೇ. ಎತ್ತರದ ಚಾವಣಿ, ಅಗಲ ಬಾಗಿಲು, ಹಲಗೆಗಳ ನಡುವೆ ಸಂದು. ಒಂದೋ ಎರಡೋ ಬೆಕ್ಕಿನ ಮೈಶಾಖ ಅಷ್ಟು ಜಾಗ ಬೆಚ್ಚಗಾಗಿಸಲು ಸಾಲದು, ಬಾಗಿಲಲ್ಲಿ ರಕೂನ್ ಎಂಬ ಅಲ್ಲಿನ ಕಾಡುಪ್ರಾಣಿ ಕೂಡ ನುಗ್ಗುತ್ತದೆ. ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ಅದರೊಳಗೆ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಕೂರಿಸಿ. ಮರ ಗಾಳಿ ತಡೆದರೆ ಥರ್ಮೋಕೋಲ್ ಚಳಿ ತಡೆಯುತ್ತದೆ.

ಥರ್ಮೋಕೋಲ್ ಪೆಟ್ಟಿಗೆ, ಅಂದರೆ ಮಾಂಸ, ಔಷಧಿ ತಣ್ಣಗೆ ಸಾಗಿಸುವಂಥದ್ದು, ಬಹಳ ಸಲ ಪುಕ್ಕಟೆ ಸಿಗುತ್ತದೆ. ಗೋಡೆ ಒಂದೂವರೆ ಇಂಚಾದರೂ ದಪ್ಪ ಇರಲಿ. ಬಾಗಿಲು ಕೊರೆದು ಮುಚ್ಚಳ ಅಂಟಿಸಿದರೆ ಅರ್ಧ ಗಂಟೆಯ ಕೆಲಸ. ತೊಂದರೆ ಎರಡು: ಬೆಕ್ಕು ಉಗುರು ಹಾಕಿ ಪರಚುತ್ತದೆ, ಮತ್ತೆ ಪೆಟ್ಟಿಗೆ ಹಗುರವಾದ್ದರಿಂದ ಗಾಳಿಗೆ ಉರುಳುತ್ತದೆ. ಒಳಗೆ ತಳದಲ್ಲೊಂದು, ಮೇಲೆ ಎರಡು ಇಟ್ಟಿಗೆ ಹೇರಬೇಕು. ಬಿಳಿ ಬಣ್ಣ ಎದ್ದು ಕಾಣುತ್ತದೆಂದು ಸ್ಪ್ರೇ ಪೇಂಟ್ ಹೊಡೆಯಲು ಹೋದರೆ ಅದರ ದ್ರಾವಕ ಥರ್ಮೋಕೋಲನ್ನೇ ಕರಗಿಸಿ ತೂತು ಮಾಡುತ್ತದೆ. ನೀರಿನಲ್ಲಿ ಕಲಸುವ ಬಣ್ಣವೇ ಆಗಬೇಕು.

ಗೆದ್ದದ್ದು ಪ್ಲಾಸ್ಟಿಕ್ ಡಬ್ಬ, ಆದರೆ ಒಳಗೆ ಫೋಮ್ ಹಲಗೆ ಹಾಕಿದ್ದು ಮಾತ್ರ. ಬರೀ ಡಬ್ಬ ಮಳೆ ತಡೆಯುತ್ತದೆಯೇ ಹೊರತು ಚಳಿಯನ್ನಲ್ಲ. 30 ಗ್ಯಾಲನ್, ಅಂದರೆ ಸುಮಾರು 114 ಲೀಟರಿನ ಡಬ್ಬ ಒಂದೆರಡು ಬೆಕ್ಕಿಗೆ ಸಾಕು. ಇನ್ನೂ ದೊಡ್ಡದು ಬೇಡ. ಕಟ್ಟಡಕ್ಕೆ ಬಳಸುವ ಗುಲಾಬಿ ಅಥವಾ ನೀಲಿ ಫೋಮ್ ಹಲಗೆ ಒಂದಿಂಚು ದಪ್ಪದ್ದು ತನ್ನಿ. ಮೊದಲು ತಳ, ಅದರ ಮೇಲೆ ನಾಲ್ಕು ಗೋಡೆ ನಿಲ್ಲಿಸಿ, ಗೋಡೆಗಳ ತಲೆಯ ಮೇಲೆ ಒಳಚಾವಣಿ ಕೂರಿಸಿ. ಅಳತೆ ಬಿಗಿಯಾಗಿದ್ದರೆ ಅಂಟೇ ಬೇಡ. ಬಾಗಿಲು 6 ಇಂಚು ಅಗಲ, ನೆಲದಿಂದ ಮೂರ್ನಾಲ್ಕು ಇಂಚು ಮೇಲೆ. ಮಧ್ಯದಲ್ಲಿ ಕೊರೆಯದೆ ಒಂದು ಮೂಲೆಗೆ ಸರಿಸಿದರೆ ಗಾಳಿ ನೇರ ಬೆಕ್ಕಿನ ಮೇಲೆ ಬೀಳದು. ಡಬ್ಬವನ್ನು ಮನೆಯೊಳಗೆ ಬೆಚ್ಚಗಿಟ್ಟು ಕೊರೆಯಿರಿ. ತಣ್ಣನೆಯ ಪ್ಲಾಸ್ಟಿಕ್ ಬ್ಲೇಡ್ ತಾಗಿದ ಕಡೆ ಸೀಳುತ್ತದೆ. ಅಂಚಿನ ಡಕ್ಟ್ ಟೇಪನ್ನೂ ಒಳಗೇ ಅಂಟಿಸಬೇಕು, ಹೊರಗಿನ ಚಳಿಗೆ ಅದರ ಅಂಟು ಹಿಡಿಯುವುದಿಲ್ಲ.

ಇಡುವಾಗ ಇಟ್ಟಿಗೆಯ ಮೇಲೆ ನಾಲ್ಕಿಂಚು ಎತ್ತರಿಸಿ. ಬಾಗಿಲು ಗೋಡೆಯ ಕಡೆ ಮುಖ ಮಾಡಿರಲಿ, ನಡುವೆ ಬೆಕ್ಕು ನುಸುಳುವಷ್ಟು ಜಾಗ ಬಿಡಿ. ಹಿಮ ಬಿದ್ದ ಬೆಳಿಗ್ಗೆ ಮೊದಲ ಕೆಲಸ ಆ ಬಾಗಿಲು ಬಿಡಿಸುವುದು.

ನೀರಿನಲ್ಲಿ ಪೈಪೋಟಿಯೇ ಇಲ್ಲ. ಥರ್ಮೋಸ್ಟಾಟ್ ಇರುವ ವಿದ್ಯುತ್ ಬಟ್ಟಲು ಗೆಲ್ಲುತ್ತದೆ. ಹೊರಾಂಗಣಕ್ಕೆಂದೇ ಮಾಡಿದ್ದನ್ನು ಕೊಂಡು, ಸೋರಿಕೆಯಾದರೆ ತಾನೇ ಕಡಿತವಾಗುವ ಜಿಎಫ್‌ಸಿಐ ಸಾಕೆಟ್ಟಿಗೆ ಚುಚ್ಚಿ. ಕರೆಂಟ್ ಸಿಗದ ಕಡೆ ಆಳವಾದ, ಬಾಯಿ ಕಿರಿದಾದ ಪ್ಲಾಸ್ಟಿಕ್ ಪಾತ್ರೆಯ ಸುತ್ತ ಫೋಮ್ ಕಟ್ಟಿ ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರು ಹಾಕುವುದೇ ದಾರಿ. ಸ್ಟೀಲ್ ಬೇಡ, ನಾಲಿಗೆ ಅಂಟೀತು. ಚಿಟಿಕೆ ಸಕ್ಕರೆ ಹಾಕಿದರೆ ನೀರು ಹೆಪ್ಪುಗಟ್ಟದು ಎನ್ನುವವರಿದ್ದಾರೆ. ಲೀಟರಿಗೆ 4 ಗ್ರಾಂ ಸಕ್ಕರೆ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವುದು ಸುಮಾರು 0.02 ಡಿಗ್ರಿ ಅಷ್ಟೇ. ನೀರಿನ ಬಟ್ಟಲನ್ನು ಗೂಡಿನೊಳಗೆ ಮಾತ್ರ ಇಡಬೇಡಿ, ಒಮ್ಮೆ ಮಗುಚಿದರೆ ಹುಲ್ಲೆಲ್ಲ ಹಾಳು.

ಊಟಕ್ಕೆ ರಾತ್ರಿಯಿಡೀ ಇರುವಂಥದ್ದು ಒಣ ಆಹಾರವೇ. ಡಬ್ಬಿಯ ಹಸಿ ಆಹಾರವನ್ನು ಬೆಚ್ಚಗೆ ಮಾಡಿ, ಬೆಕ್ಕು ಎದುರಿಗಿರುವಾಗ ಕೊಡಿ, ತಿಂದ ಮೇಲೆ ತಟ್ಟೆ ಎತ್ತಿ.

ಇಷ್ಟಾದರೂ ಕೆಲವು ಬೆಕ್ಕುಗಳು ಗೂಡು ಬಿಟ್ಟು ಕಾರಿನ ಬಿಸಿ ಎಂಜಿನ್ನಿಗೇ ಹತ್ತುತ್ತವೆ. ಬೆಳಿಗ್ಗೆ ಬಾನೆಟ್ ಮೇಲೆ ಎರಡು ಸಲ ಗಟ್ಟಿಯಾಗಿ ಬಡಿದು, ಸ್ವಲ್ಪ ಕಾದು, ಆಮೇಲೆ ಕೀಲಿ ತಿರುಗಿಸಿ. ಕಾರಿನ ಕೆಳಗೆ ಆ್ಯಂಟಿಫ್ರೀಜ್ ಸೋರಿದೆಯೇ ಎಂದೂ ನೋಡಿ. ಎಥಿಲೀನ್ ಗ್ಲೈಕಾಲ್ ಇರುವಂಥದ್ದು ಟೀ ಚಮಚದಷ್ಟು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋಗಬಹುದು.