ಏರ್ ಲೀಕ್ ಹುಡುಕೋಕೆ ಸೋಪ್ ನೀರಾ, ಅಲ್ಟ್ರಾಸಾನಿಕ್ ಡಿಟೆಕ್ಟರಾ?

ಖರ್ಚು ಒಂದೇ ನೋಡೋದಾದ್ರೆ ಸೋಪ್ ನೀರಿಗೆ ಸಾಟಿ ಇಲ್ಲ, ಆದ್ರೆ ಒಂದೊಂದು ಜಾಯಿಂಟಿಗೂ ಹಚ್ಚಿ ಗುಳ್ಳೆ ಬರತ್ತಾ ಅಂತ ಕಾಯ್ಬೇಕು, ಎತ್ತರದ ಪೈಪಿಗೆ ಏಣಿ ಹಾಕ್ಬೇಕು. ಅಲ್ಟ್ರಾಸಾನಿಕ್ ದುಬಾರಿ ನಿಜ, ಆದ್ರೆ ಲೀಕಲ್ಲಿ ಗಾಳಿ ನುಗ್ಗೋವಾಗ ಬರೋ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನ (ನಮ್ಮ ಕಿವಿ 20ಕ್ಕೇ ನಿಲ್ಲತ್ತೆ) ಹೆಡ್‌ಫೋನಲ್ಲಿ ಬುಸ್ ಅಂತ ಕೇಳಿಸತ್ತೆ, ಮಷೀನ್ ಓಡ್ತಿದ್ರೂ ಕೆಳಗೆ ನಿಂತೇ ಹುಡುಕ್ಬೋದು, ಕಂಪ್ರೆಸರ್ ಲೈನ್ ಉದ್ದ ಇದ್ರೆ ಇದನ್ನೇ ತಗೊಳ್ಳಿ. ಪ್ರೆಶರ್ ತೀರಾ ಕಮ್ಮಿ ಇರೋ ಗ್ಯಾಸ್ ಲೈನಲ್ಲಿ ಮಾತ್ರ ಆ ಸದ್ದು ಸರಿಯಾಗಿ ಹುಟ್ಟಲ್ಲ, ಅಲ್ಲಿ ಗ್ಯಾಸ್ ಸ್ನಿಫರ್ (ಗಾಳೀಲಿ ಸೇರಿರೋ ಗ್ಯಾಸನ್ನ ಪತ್ತೆ ಹಚ್ಚೋ ಉಪಕರಣ) ವಾಸಿ, ಆದ್ರೆ ಗಾಳಿ ಬೀಸೋ ಬಯಲಲ್ಲಿ ಅದೂ ದಾರಿ ತಪ್ಪತ್ತೆ. ನಾಕೈದು ಜಾಯಿಂಟ್ ಅಷ್ಟೇ ಅಂದ್ರೆ ಸೋಪ್ ನೀರೇ ಸಾಕು. ಉರಿಯೋ ಗ್ಯಾಸ್ ಇರೋ ಜಾಗಕ್ಕೆ ಮಾತ್ರ ದಯವಿಟ್ಟು ಅಲ್ಲಿಗೆ ಅಂತಲೇ ಸರ್ಟಿಫಿಕೇಟ್ ಆಗಿರೋ ಡಿಟೆಕ್ಟರನ್ನೇ ತಗೊಂಡು ಹೋಗಿ.