ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಲೈಬ್ರರಿ: ಅರ್ಧ ದಿನ ಇಟ್ಟುಕೊಂಡು ಹೋಗಿ

ಅಮೆರಿಕದ ಯೂಟಾ ರಾಜ್ಯದ ಕಡೆ ಬರುವ ನಮ್ಮವರು ಬೆಟ್ಟ, ಕಣಿವೆ ನೋಡಿ ಹೊರಟುಬಿಡುತ್ತಾರೆ. ಈ ಲೈಬ್ರರಿ ತಪ್ಪಿಸಬೇಡಿ. 1985ರಲ್ಲಿ ತೆರೆದ ಕಟ್ಟಡ, ನಡೆಸುವುದು ಮಾರ್ಮನ್ ಚರ್ಚ್ (ಯೂಟಾದಲ್ಲಿ ನೆಲೆಯಿರುವ ಒಂದು ಕ್ರೈಸ್ತ ಪಂಥ), ಕೆಲಸ ವಂಶಾವಳಿ ಹುಡುಕಿಕೊಡುವುದು. ಯಾವ ಧರ್ಮದವರೂ ಹೋಗಬಹುದು, ಪೂರ್ತಿ ಉಚಿತ.

ನನಗೆ ಜಾಸ್ತಿ ಇಷ್ಟವಾಗಿದ್ದು ಅಲ್ಲಿ ಸೇವೆ ಮಾಡುವ ಹಿರಿಯ ದಂಪತಿಗಳು. ಈ ಚರ್ಚಿನವರು ಮನೆ ಬಿಟ್ಟು ಬಂದು ಮಾಡುವ ಮಿಷನ್ ಸೇವೆ ಅಂದರೆ ಬಿಳಿ ಶರ್ಟ್ ಹಾಕಿಕೊಂಡು ಮನೆ ಮನೆಗೆ ಹೋಗುವ ಹುಡುಗರೇ ನೆನಪಾಗುತ್ತಾರೆ ಅಲ್ವಾ, ಆದರೆ ರಿಟೈರ್ ಆದ ಗಂಡ ಹೆಂಡತಿಯೂ ಊರು, ಮೊಮ್ಮಕ್ಕಳನ್ನು ಬಿಟ್ಟು ಬಂದು, ಬಾಡಿಗೆ, ಊಟ ಎಲ್ಲ ಸ್ವಂತ ದುಡ್ಡಲ್ಲಿ ನೋಡಿಕೊಂಡು, ತಿಂಗಳುಗಟ್ಟಲೆ ಹೀಗೆ ದುಡಿಯುತ್ತಾರೆ. ಸಂಬಳ ಇಲ್ಲ. ಎದೆ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ, ಗಂಡನನ್ನು ‘ಎಲ್ಡರ್’, ಹೆಂಡತಿಯನ್ನು ‘ಸಿಸ್ಟರ್’ ಅಂತ ಕರೆಯುತ್ತಾರೆ. ನಮ್ಮ ಪಕ್ಕ ಕುಳಿತ ಅಜ್ಜಿ ಮೈಕ್ರೋಫಿಲ್ಮ್ (ಹಳೆಯ ದಾಖಲೆಗಳನ್ನು ಪುಟ್ಟದಾಗಿ ಚಿತ್ರಿಸಿಟ್ಟ ಫಿಲ್ಮ್) ಓದುವ ಯಂತ್ರ ತೋರಿಸಿಕೊಟ್ಟರು. ಅಜ್ಜ ನಮ್ಮ ಮನೆತನದ ಹೆಸರುಗಳನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು, ಆತುರವೇ ಇಲ್ಲ. ಮಧ್ಯಾಹ್ನ ಇಬ್ಬರೂ ಮನೆಯಿಂದ ತಂದ ಡಬ್ಬಿ ಹಂಚಿಕೊಂಡು ತಿಂದರು. ಧರ್ಮದ ಮಾತನ್ನು ಅವರಾಗಿ ಎತ್ತಲೇ ಇಲ್ಲ, ಅದು ನನಗೆ ತುಂಬಾ ಹಿಡಿಸಿತು.

ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಕ್ಷೇತ್ರದ ಪುರೋಹಿತರು, ಯಾತ್ರಿಕರ ಹೆಸರು ಬರೆದಿಟ್ಟ ಹಳೆಯ ವಹಿಗಳನ್ನೂ (ದಾಖಲೆ ಪುಸ್ತಕ) ಇವರ ಸಂಸ್ಥೆ ಫಿಲ್ಮ್ ಮಾಡಿಸಿದೆ! ಬ್ರಿಟಿಷ್ ಕಾಲದ ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳೂ ಇವೆ.

ಭಾನುವಾರ ರಜೆ. ಅಜ್ಜ, ಮುತ್ತಜ್ಜನ ಹೆಸರು, ಊರು, ತಾಲ್ಲೂಕು ಮೊದಲೇ ಬರೆದುಕೊಂಡು ಹೋಗಿ. ಸುಮ್ನೆ ಹೋದರೆ ಅರ್ಧ ಹೊತ್ತು ಮನೆಗೆ ಫೋನ್ ಮಾಡುವುದರಲ್ಲೇ ಕಳೆಯುತ್ತದೆ.