ಬರೀ ರಿಂಗೋ, ಚಿಪ್ ಇರುವ ಅಡಾಪ್ಟರೋ?

ಮಿರರ್‌ಲೆಸ್ ಕ್ಯಾಮೆರಾಕ್ಕೆ ಬೇರೆ ಕಂಪನಿಯ ಲೆನ್ಸ್ ಕೂರಿಸುವ ಅಡಾಪ್ಟರ್‌ಗಳಲ್ಲಿ ಎರಡು ಜಾತಿ. ಒಂದು ಬರೀ ಲೋಹದ ರಿಂಗ್. ಅದರಲ್ಲಿ ಚಿಪ್ ಇಲ್ಲ, ತಂತಿ ಇಲ್ಲ, ಗಾಜೂ ಇಲ್ಲ. ಇನ್ನೊಂದರ ಎರಡೂ ಮುಖಗಳಲ್ಲಿ ಚಿನ್ನದ ಬಣ್ಣದ ಸಂಪರ್ಕಬಿಂದುಗಳಿದ್ದು, ಒಳಗಿನ ಚಿಪ್ ಕ್ಯಾಮೆರಾದ ಆಜ್ಞೆಯನ್ನು ಲೆನ್ಸಿಗೆ ತಲುಪಿಸುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು. ಹಾಗಾದರೆ ಕೆಲಸಕ್ಕೆ ಬರುವುದೂ ಅದೇ ಇರಬೇಕು ಎಂದುಕೊಳ್ಳುವುದು ಸಹಜ. ಎರಡನ್ನೂ ಸೋನಿ ಎ7 ಮಾರ್ಕ್ 3ರ ಮೇಲೆ ಹಾಕಿಕೊಂಡು ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೂ ರಂಗಸ್ಥಳದ ಎದುರೂ ಕೂತ ನನಗೆ ಅನಿಸಿದ್ದು ಬೇರೆ. ಏನೂ ಗೊತ್ತಿಲ್ಲದ ರಿಂಗ್ ಒಮ್ಮೆಯೂ ಕೈಕೊಡುವುದಿಲ್ಲ. ಅರ್ಧ ಗೊತ್ತಿರುವ ಅಡಾಪ್ಟರ್ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಈ ಜೋಡಣೆ ಸಾಧ್ಯವಾಗುವುದೇ ಒಳಗಿನ ಕನ್ನಡಿ ಹೋದದ್ದರಿಂದ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಕನ್ನಡಿ ಮೇಲೇಳಲು ಜಾಗ ಬೇಕಿತ್ತು. ಹಾಗಾಗಿ ಲೆನ್ಸ್ ಕೂರುವ ಮೌಂಟಿನಿಂದ ಫಿಲ್ಮ್‌ವರೆಗಿನ ಅಂತರ ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ತಿರುಪಿನ ಎಂ42 ಮೌಂಟಿನಲ್ಲಿ 45.46, ಕ್ಯಾನನ್ ಇಎಫ್‌ನಲ್ಲಿ 44. ಸೋನಿ ಇ ಮೌಂಟಿನಲ್ಲಿ ಇದು ಕೇವಲ 18 ಮಿ.ಮೀ. ಉಳಿದ ಅಂತರವನ್ನು ಅಡಾಪ್ಟರ್ ತುಂಬುತ್ತದೆ. ಎಂ42 ಲೆನ್ಸಿಗೆ 27.46 ಮಿ.ಮೀ. ದಪ್ಪದ ರಿಂಗ್ ಸಾಕು. ಲೆನ್ಸ್ ತಾನು ತನ್ನ ಹಳೆಯ ಕ್ಯಾಮೆರಾದ ಮೇಲೆಯೇ ಇದ್ದೇನೆ ಎಂದುಕೊಳ್ಳುತ್ತದೆ.

ಮೊದಲು ಹೀಲಿಯೋಸ್ 44-2. ಸೋವಿಯತ್ ಕಾಲದ ಝೆನಿತ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ 58 ಮಿ.ಮೀ., ಎಫ್/2 ಲೆನ್ಸ್. ಝೈಸ್‌ನ ಬಯೋಟಾರ್ ವಿನ್ಯಾಸದ ವಂಶದ್ದು. ಚೌಕಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಬಿಂದು ಬಿಂದುವಾಗಿ ಇಡುತ್ತಾ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಅಲುಗಾಟವೇ ಇಲ್ಲದ ಕಡೆ ಆಟೋಫೋಕಸ್‌ನ ಹಂಗೇಕೆ? ವ್ಯೂಫೈಂಡರಿನಲ್ಲಿ ದೃಶ್ಯವನ್ನು ದೊಡ್ಡದು ಮಾಡಿಕೊಂಡು, ಕಣ್ಣಿನ ಅಂಚಿನ ಕಾಡಿಗೆಯ ಗೆರೆ ಸ್ಪಷ್ಟವಾಗುವವರೆಗೆ ಫೋಕಸ್ ರಿಂಗನ್ನು ನಿಧಾನ ತಿರುಗಿಸಿದರಾಯಿತು. ಫೋಕಸ್ ಆದ ಕಡೆ ಕ್ಯಾಮೆರಾ ಎಳೆದು ತೋರಿಸುವ, ಫೋಕಸ್ ಪೀಕಿಂಗ್ ಎಂಬ ಬಣ್ಣದ ಗೆರೆಯನ್ನು ಮಾತ್ರ ಲೆನ್ಸ್ ಪೂರ್ತಿ ತೆರೆದ ಎಫ್/2ರಲ್ಲಿ ನಂಬಬೇಡಿ. ಹುಬ್ಬು, ರೆಪ್ಪೆ, ಕೆನ್ನೆ ಎಲ್ಲದಕ್ಕೂ ಬಣ್ಣ ಬಳಿದು ಎಲ್ಲವೂ ಸರಿಯಿದೆ ಎನ್ನುತ್ತದೆ.

44-2ರ ಅಪರ್ಚರಿಗೆ, ಅಂದರೆ ಬೆಳಕು ಒಳಬರುವ ಕಿಂಡಿಗೆ, ಎರಡು ರಿಂಗ್‌ಗಳು. ಒಂದು ಟಕ್ ಟಕ್ ಎಂದು ಮಿತಿಯನ್ನು ಗೊತ್ತುಮಾಡುತ್ತದೆ. ಇನ್ನೊಂದು ಸದ್ದಿಲ್ಲದೆ ಆ ಮಿತಿಯವರೆಗೆ ತೆರೆದು ಮುಚ್ಚುತ್ತದೆ. ಹಳೆಯ ಎಸ್‌ಎಲ್‌ಆರ್‌ನಲ್ಲಿ ಅಪರ್ಚರ್ ಮುಚ್ಚಿದರೆ ವ್ಯೂಫೈಂಡರ್ ಕತ್ತಲಾಗುತ್ತಿತ್ತು. ಮಿರರ್‌ಲೆಸ್ ಆ ಕತ್ತಲನ್ನು ತಾನೇ ಬೆಳಗಿಸಿ ತೋರಿಸುವುದರಿಂದ ಅಂದಿನ ತೊಡಕು ಇಂದು ಇಲ್ಲ. ಪೂರ್ತಿ ತೆರೆದಾಗ ಹಿನ್ನೆಲೆಯ ಬಲ್ಬುಗಳು ಚಿತ್ರದ ಮಧ್ಯದಲ್ಲಿ ದುಂಡಗೆ, ಅಂಚಿನಲ್ಲಿ ಬಾದಾಮಿಯಾಕಾರಕ್ಕೆ ತಿರುಗಿ ಸುಳಿಯಂತೆ ಕಾಣುತ್ತವೆ. ಲೆನ್ಸಿನ ಕೊಳವೆಯೇ ಅಂಚಿನ ಬೆಳಕನ್ನು ಅಷ್ಟಿಷ್ಟು ಕತ್ತರಿಸುವುದು ಇದಕ್ಕೆ ಕಾರಣ. ಇಂದಿನ ಲೆನ್ಸ್ ವಿನ್ಯಾಸಕರು ಇದನ್ನು ದೋಷ ಎನ್ನುತ್ತಾರೆ, ಕೊಳ್ಳುವವರು ಇದಕ್ಕೇ ದುಡ್ಡು ಕೊಡುತ್ತಾರೆ. ಟ್ಯೂಬ್‌ಲೈಟ್ ನೇರವಾಗಿ ಲೆನ್ಸಿಗೆ ಬಿದ್ದರೆ ಮಾತ್ರ ಚಿತ್ರವೆಲ್ಲ ಮಂಜು ಕವಿದಂತಾಗುತ್ತದೆ. ಆಗ ಜಾಗ ಬದಲಿಸಬೇಕು, ಬೇರೆ ದಾರಿಯಿಲ್ಲ.

ಕ್ಯಾಮೆರಾದಲ್ಲಿ ಮಾಡಿಕೊಳ್ಳಬೇಕಾದ್ದು ಎರಡೇ. ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳಲಿ ಎಂಬ ಆಯ್ಕೆಯನ್ನು ಮೆನುವಿನಲ್ಲಿ ತೆರೆಯಬೇಕು, ಏಕೆಂದರೆ ಈ ಲೆನ್ಸ್ ಇರುವುದೇ ಕ್ಯಾಮೆರಾಕ್ಕೆ ತಿಳಿಯದು. ಜೊತೆಗೆ ಕಂಪನ ತಡೆಯುವ ವ್ಯವಸ್ಥೆಗೆ 58 ಮಿ.ಮೀ. ಎಂದು ಕೈಯಾರೆ ತಿಳಿಸಬೇಕು. ಇನ್ನು ತಿರುಪಿನ ಮೌಂಟ್ ಆದ್ದರಿಂದ ಲೆನ್ಸ್ ಬಿಗಿಯಾದಾಗ ಅಂಕಿಗಳು ಮೇಲೆ ಬರುವ ಬದಲು ಒಂದು ಬದಿಗೆ ಹೊರಳಿರಬಹುದು. ರಿಂಗಿನ ಸುತ್ತ ಇರುವ ಸಣ್ಣ ತಿರುಪುಗಳನ್ನು ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿದರೆ ಸರಿಯಾಗುತ್ತದೆ. ಆ ತಿರುಪುಗಳೇ ಇಲ್ಲದ ರಿಂಗ್ ಕೊಳ್ಳಬೇಡಿ.

ನಿಕಾನ್‌ನ ಹಳೆಯ ಕೈಫೋಕಸ್ ಲೆನ್ಸ್ ನಿಕ್ಕಾರ್ 105 ಮಿ.ಮೀ. ಎಫ್/2.5 ಎಐ-ಎಸ್ ಹೀಲಿಯೋಸ್‌ಗೆ ತದ್ವಿರುದ್ಧ ಸ್ವಭಾವದ್ದು. ಸುಳಿಯಿಲ್ಲ, ಮಂಜಿಲ್ಲ, ಹಿನ್ನೆಲೆ ಶಾಂತವಾಗಿ ಕರಗುತ್ತದೆ. ಲೆನ್ಸಿನೊಳಗೇ ಅಡಗಿದ ಹುಡ್ ಎಳೆದರೆ ಹೊರಗೆ ಬರುತ್ತದೆ. ಫೋಕಸ್ ರಿಂಗ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ಚಲಿಸುತ್ತದೆ. ಆದರೆ 1 ಮೀಟರಿಗಿಂತ ಹತ್ತಿರ ಬರಲು ಬಿಡುವುದಿಲ್ಲ, ಚೌಕಿಯ ಇಕ್ಕಟ್ಟಿನಲ್ಲಿ ಇದೊಂದು ಕಿರಿಕಿರಿ. ಆ ಅಂತರದಲ್ಲಿ ಪೂರ್ತಿ ತೆರೆದಾಗ ಸ್ಪಷ್ಟವಾಗಿರುವ ಆಳ ಒಂದೂವರೆ ಸೆಂಟಿಮೀಟರಿಗೂ ಕಡಿಮೆ: ರೆಪ್ಪೆ ಸಿಕ್ಕರೆ ಕಿವಿಯ ಆಭರಣ ಸಿಗದು. ಮುಖದ ಚಿತ್ರ ಮಾತ್ರ ಬೇಕೆನ್ನುವವರಿಗೆ ನಾನು ಹೀಲಿಯೋಸ್‌ಗಿಂತ ಇದನ್ನೇ ಹೇಳುತ್ತೇನೆ. ಹೀಲಿಯೋಸ್ ಚಮತ್ಕಾರ ಬೇಗ ಹಳಸುತ್ತದೆ.

ರಿಂಗ್ ಸಾದಾ ಎಂದರೆ ಹೇಗಿದ್ದರೂ ನಡೆಯುತ್ತದೆ ಎಂದಲ್ಲ. ದಪ್ಪದಲ್ಲಿ 0.1 ಮಿ.ಮೀ. ಹೆಚ್ಚಾದರೆ 58 ಮಿ.ಮೀ. ಲೆನ್ಸ್ ಸುಮಾರು 34 ಮೀಟರ್‌ನ ಆಚೆಗೆ ಫೋಕಸ್ ಆಗದು. 28 ಮಿ.ಮೀ. ಲೆನ್ಸಾದರೆ 8 ಮೀಟರಿಗೇ ನಿಂತುಬಿಡುತ್ತದೆ, ದೂರದ ಗುಡ್ಡ ಎಂದಿಗೂ ಮಸುಕು. ಈ ಭಯಕ್ಕೆ ತಯಾರಕರು ರಿಂಗನ್ನು ಬೇಕೆಂದೇ ಕೂದಲೆಳೆಯಷ್ಟು ತೆಳು ಮಾಡುತ್ತಾರೆ. ಆಗ ಲೆನ್ಸಿನ ಮೇಲಿನ ಅನಂತದ ಗುರುತು ಸುಳ್ಳಾಗುತ್ತದೆ, ಅಷ್ಟೇ. ಒಳಗೋಡೆ ಹೊಳೆಯುತ್ತಿದ್ದರೆ ಚಿತ್ರದ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಕಪ್ಪು ವೆಲ್ವೆಟ್ ಕಾಗದ ಅಂಟಿಸಿದರೆ ವಾಸಿ.

ಈಗ ಚಿಪ್ ಇರುವುದಕ್ಕೆ ಬರೋಣ. ಕ್ಯಾನನ್ ಇಎಫ್ 70-200 ಮಿ.ಮೀ. ಎಫ್/4 ಎಲ್ ಲೆನ್ಸನ್ನು ಇಂಥದೊಂದು ಅಡಾಪ್ಟರ್ ಮೂಲಕ ಸೋನಿಗೆ ಜೋಡಿಸಿ ರಂಗಸ್ಥಳದ ಎದುರು ಕೂತೆ. 1987ರಲ್ಲಿ ಬಂದ ಇಎಫ್ ಮೌಂಟ್ ಹುಟ್ಟಿನಿಂದಲೇ ಪೂರ್ತಿ ವಿದ್ಯುನ್ಮಾನ. ಫೋಕಸ್ ಮೋಟಾರೂ ಅಪರ್ಚರಿನ ಮೋಟಾರೂ ಲೆನ್ಸಿನೊಳಗೇ ಇವೆ. ಹಾಗಾಗಿ ಸಂಕೇತ ದಾಟಿಸಿದರೆ ಸಾಕು, ಕೆಲಸವಾಗಬೇಕು. ಭಾಗವತರ ಮುಖಕ್ಕೆ, ಕೂತ ಮದ್ದಳೆಯವರಿಗೆ ಆಯಿತೂ ಹೌದು. ತರುಣ ವೀರನ ಪುಂಡುವೇಷ ಗಿರ್ರನೆ ಸುತ್ತುತ್ತಾ ನೆಗೆಯುವ ಧೀಂಗಿಣ ಹಾಕತೊಡಗಿದ್ದೇ ತಡ, ಲೆನ್ಸ್ ಮುಂದಕ್ಕೂ ಹಿಂದಕ್ಕೂ ಓಡಾಡಿ ಎಲ್ಲೂ ನಿಲ್ಲದಾಯಿತು. ನಡುವೆ ಅಪರ್ಚರಿನ ಅಂಕಿಯೇ ಮಾಯ. ಲೆನ್ಸ್ ಕಳಚಿ ಮತ್ತೆ ಹಾಕುವಷ್ಟರಲ್ಲಿ ವೇಷ ಪರದೆಯ ಹಿಂದೆ ಹೋಗಿತ್ತು.

ಲೆನ್ಸಿನ ತಪ್ಪಲ್ಲ ಇದು. ಡಿಎಸ್‌ಎಲ್‌ಆರ್‌ನಲ್ಲಿ ಪ್ರತ್ಯೇಕ ಫೋಕಸ್ ಸೆನ್ಸರ್ ಎಷ್ಟು ದೂರ, ಯಾವ ಕಡೆಗೆ ಎಂದು ಒಂದೇ ಸಲಕ್ಕೆ ಹೇಳುತ್ತಿತ್ತು. ಲೆನ್ಸಿನ ಮೋಟಾರು ಒಂದೇ ನೆಗೆತಕ್ಕೆ ಅಲ್ಲಿ ಹೋಗಿ ನಿಲ್ಲುವಂತೆ ಮಾಡಿದ್ದು. ಮಿರರ್‌ಲೆಸ್ ಕ್ಯಾಮೆರಾ ಎಡೆಬಿಡದೆ ಸಣ್ಣ ಸಣ್ಣ ತಿದ್ದುಪಡಿ ಕೇಳುತ್ತದೆ. ಅದರ ಮೇಲೆ ಇಎಫ್ ಲೆನ್ಸ್ ಮತ್ತು ಕ್ಯಾಮೆರಾದ ಸಂಭಾಷಣೆಯ ಒಳಗುಟ್ಟು ಕ್ಯಾನನ್‌ನ ಸ್ವತ್ತು. ಹೊರಗಿನ ಅಡಾಪ್ಟರ್ ತಯಾರಕರು ಸಂಕೇತಗಳನ್ನು ಬಿಡಿಸಿ ನೋಡಿ ತಂತ್ರಾಂಶ ಬರೆಯಬೇಕಾಗುತ್ತದೆ. 2016ರಲ್ಲಿ ಸಿಗ್ಮಾ ಎಂಸಿ-11 ಅಡಾಪ್ಟರ್ ತಂದಾಗ ಅಧಿಕೃತ ಭರವಸೆ ಕೊಟ್ಟದ್ದು ತನ್ನದೇ ಲೆನ್ಸ್‌ಗಳಿಗೆ ಮಾತ್ರ. ಅದು ಪ್ರಾಮಾಣಿಕ ಮಾತು.

ಅದೇ 70-200 ಅನ್ನು ಗೆಳೆಯರೊಬ್ಬರ ಕ್ಯಾನನ್ ಇಒಎಸ್ ಆರ್ ಮೇಲೆ ಕ್ಯಾನನ್‌ನದೇ ಅಡಾಪ್ಟರಿನಿಂದ ಹಾಕಿದಾಗ ನಡುವೆ ಅಡಾಪ್ಟರ್ ಇದೆ ಎಂಬುದೇ ಮರೆಯಿತು. ಇಎಫ್‌ನ 44ರಲ್ಲಿ ಇಒಎಸ್ ಆರ್‌ನ ಅಂತರ 20 ಕಳೆದರೆ 24 ಮಿ.ಮೀ., ಅದರೊಳಗೆ ತಂತಿಗಳ ಮುಂದುವರಿಕೆ. ಎರಡೂ ತುದಿ ಒಂದೇ ಮನೆಯವು. ಹಳೆಯ ಇಎಫ್ ಲೆನ್ಸ್ ಇರುವವರು ಕ್ಯಾನನ್ ಬಿಟ್ಟು ಬೇರೆ ಮಿರರ್‌ಲೆಸ್‌ಗೆ ಹಾರುವ ಮುನ್ನ ಇದನ್ನು ಯೋಚಿಸಬೇಕು.

ನಿಕಾನ್‌ನವರಿಗೆ ಇಷ್ಟು ಸುಲಭವಿಲ್ಲ. 2018ರಲ್ಲಿ ಅವರ ಮಿರರ್‌ಲೆಸ್ ಝಡ್ ಕ್ಯಾಮೆರಾಗಳ ಜೊತೆ ಬಂದ ಎಫ್‌ಟಿಝಡ್ ಅಡಾಪ್ಟರಿನಲ್ಲಿ, ಒಳಗೇ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳ ಆಟೋಫೋಕಸ್ ನಡೆಯುತ್ತದೆ. ಆದರೆ ಫೋಕಸ್ ತಿರುಗಿಸಲು ಕ್ಯಾಮೆರಾದೊಳಗಿನ ಮೋಟಾರನ್ನು ನಂಬಿದ್ದ ಎಎಫ್-ಡಿ ಲೆನ್ಸ್‌ಗಳಿಗೆ ಅದರಲ್ಲಿ ಮೋಟಾರಿಲ್ಲ. ಎಷ್ಟೋ ಜನರ ಕೈಯಲ್ಲಿರುವ 50 ಮಿ.ಮೀ. ಎಫ್/1.8 ಡಿ ಅಲ್ಲಿ ಕೈಫೋಕಸ್ ಲೆನ್ಸ್ ಆಗಿಬಿಡುತ್ತದೆ. ಅದರ ಫೋಕಸ್ ರಿಂಗ್ ಸಡಿಲ, ತಿರುವು ಗಿಡ್ಡ. ಬೆರಳು ಸ್ವಲ್ಪ ಸರಿದರೆ ಕಣ್ಣಿನಿಂದ ಕಿವಿಗೆ ಹೋಗಿರುತ್ತದೆ. ಕೈಯಿಂದಲೇ ಫೋಕಸ್ ಮಾಡುವುದಾದರೆ ಕೈಗೆಂದೇ ಮಾಡಿದ ಎಐ-ಎಸ್ ಲೆನ್ಸ್ ಎಷ್ಟೋ ಮೇಲು.

ಚಿತ್ರವನ್ನು ಕುಗ್ಗಿಸಿ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಹೆಚ್ಚಿಸುವ 0.71 ಪಟ್ಟಿನ ಗಾಜಿರುವ ಅಡಾಪ್ಟರನ್ನು ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ನೋಡಿದ್ದೇನೆ. ಅಗ್ಗದ್ದರಲ್ಲಿ ಅಂಚು ಕೆಡುತ್ತದೆ, ರಂಗಸ್ಥಳದ ದೀಪ ಎದುರಾದರೆ ನಡುವೆ ನೀಲಿ ಮಚ್ಚೆ ಬೀಳುತ್ತದೆ. ವಿಡಿಯೊ ಮಾಡುವವರಿಗೆ ಬೇಕಾದೀತು, ನನಗೆ ಬೇಡ.

ಹಾಗಾದರೆ ಧೀಂಗಿಣಕ್ಕೆ ಏನು? ಅಡಾಪ್ಟರೇ ಇಲ್ಲದ, ಇ ಮೌಂಟಿಗೆಂದೇ ಮಾಡಿದ ಬೇರೆ ಕಂಪನಿಯ ಲೆನ್ಸ್. 2018ರ ಟ್ಯಾಮ್ರಾನ್ 28-75 ಮಿ.ಮೀ. ಎಫ್/2.8 ತೂಕದಲ್ಲಿ 550 ಗ್ರಾಂ. ಕಿರೀಟದ ನೆರಳಿನ ಕೆಳಗಿನ ಕಣ್ಣನ್ನೂ ಹಿಡಿದು ಬಿಡದು. ರಂಗಸ್ಥಳದಿಂದ ದೂರ ಕೂತರೆ 75 ಮಿ.ಮೀ. ಸಾಲದು, ಅದೊಂದೇ ಕೊರತೆ. ಇದರ ಚಿತ್ರಗಳಿಗೆ ಹೀಲಿಯೋಸ್‌ನ ಗುಣವಿಲ್ಲ ಎನ್ನುವವರಿದ್ದಾರೆ. ಇರಬಹುದು, ನೆಗೆದ ವೇಷ ಮಸುಕಾಗಿದ್ದರೆ ಗುಣ ಹುಡುಕುವುದು ಎಲ್ಲಿ? ಸೋನಿಯವರಿಗೆ ಈ ದಾರಿ ಬಹಳ ಹಿಂದೆಯೇ ತೆರೆದಿತ್ತು. ಕ್ಯಾನನ್‌ನ ಮಿರರ್‌ಲೆಸ್ ಮೌಂಟಾದ ಆರ್‌ಎಫ್‌ನಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳ ಆಟೋಫೋಕಸ್ ಲೆನ್ಸ್‌ಗಳಿಗೆ ಪರವಾನಗಿ ಪ್ರಕಟವಾದದ್ದು 2024ರಲ್ಲಿ, ಅದೂ ಎಪಿಎಸ್-ಸಿ ಲೆನ್ಸ್‌ಗಳಿಗೆ.

ಹಳೆಯ ಲೆನ್ಸ್ ಕೊಳ್ಳುವವರು ಕರಾವಳಿ, ಮಲೆನಾಡಿನ ಮಾಲನ್ನು ಟಾರ್ಚ್ ಹಿಡಿದು ಹಿಂದಿನಿಂದ ನೋಡಬೇಕು. ಜೇಡನ ಬಲೆಯಂತೆ ಕವಲೊಡೆದ ಬಿಳಿ ಎಳೆ ಕಂಡರೆ ಫಂಗಸ್. ಅಂಚಿನಲ್ಲಿ ಒಂದೆರಡು ಎಳೆಯಿದ್ದರೆ ಚಿತ್ರಕ್ಕೆ ತೊಂದರೆ ಕಡಿಮೆ, ಆದರೆ ಲೇಪನವನ್ನು ತಿಂದಿದ್ದರೆ ತೊಳೆಸಿದರೂ ಗುರುತು ಹೋಗದು. ತಂದ ಮೇಲೂ ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಅದರ ಬಣ್ಣ ತಿರುಗಿದಾಗಲೆಲ್ಲ ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸಿ ಬಳಸಬಹುದು.